ಹೆತ್ತ ಮೇಲೆ ಸೀಮಂತ

ಈ ಸಲದ ಸೀಗೆ ಹುಣ್ಣಿಮೆಯ ದಿನ ನಮ್ಮ ಅತ್ತೆ ತೊಗರಿ ಗಿಡಕ್ಕೆ ಹಸಿರು ಬಳೆ ತೊಡಿಸುತ್ತಿದ್ದ ಫೋಟೊವನ್ನು ಬಳಗದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ್ದೆ. ಐದು ನಿಮಿಷವೂ ಆಗಿರಲಿಲ್ಲ, ಬೆಂಗಳೂರಿನಲ್ಲಿರುವ ದಾಯಾದಿ ಮಾವನವರು "ಅಷ್ಟು ದೊಡ್ಡ ಹೊಲ ಬಿಟ್ಟು ಬದುವಿನ ತೊಗರಿಗೆ ಪೂಜೆಯೇ? ಸಂಪ್ರದಾಯ ಮುಗಿಯಿತು ಬಿಡಿ" ಎಂದು ಬರೆದರು. ಅದರ ಕೆಳಗೆ ಕೈಮುಗಿಯುವ ಚಿತ್ರಗಳ ಸಾಲು. ಆ ಗುಂಪಿನಲ್ಲಿ ಸೊಸೆಯಂದಿರು ಹಿರಿಯರಿಗೆ ಎದುರು ಬರೆಯುವ ರೂಢಿಯಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಮಾವನವರು ಫೇಸ್‌ಬುಕ್ಕಿನಲ್ಲಿಯೂ ಇದ್ದಾರೆ, ಓದಲಿ.

ನಾನು ಹೊನ್ನಾಳಿ ಸೀಮೆಯ ನ್ಯಾಮತಿ ಕಡೆಯ ಹೆಣ್ಣು. 1999ರಲ್ಲಿ ಮದುವೆಯಾಗಿ ಹೊಳಲ್ಕೆರೆ ತಾಲ್ಲೂಕಿನಲ್ಲಿ ಗುಡ್ಡದ ಬುಡಕ್ಕೆ ಅಂಟಿಕೊಂಡಿರುವ ಈ ಊರಿಗೆ ಬಂದೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಹೊನ್ನಾಳಿ, ಚನ್ನಗಿರಿ ಸೀಮೆಗಳು ಶಿವಮೊಗ್ಗದಿಂದ ಈಚೆ ಸೇರಿದವು. ನಕ್ಷೆಯಲ್ಲಿ ಗೆರೆ ಸರಿಯಿತು, ಒಲೆಯ ಮೇಲಿನ ಪಾತ್ರೆ ಸರಿಯಲಿಲ್ಲ. ನಮ್ಮ ತವರಿನಲ್ಲಿ ಇದೇ ಹಬ್ಬ ಭೂಮಿ ಹುಣ್ಣಿಮೆ. ಅವ್ವ ವಾರದ ಮೊದಲೇ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನಲ್ಲಿ ಗೆರೆ ಎಳೆದು ಭತ್ತದ ಸಸಿ, ಏಣಿ, ಗಾಡಿಯ ಚಕ್ರ ಬರೆಯುತ್ತಿದ್ದಳು. ರಾತ್ರಿಯಿಡೀ ಅಡುಗೆ. ಬೆಟ್ಟಕ್ಕೆ ಹೋಗಿ ಕೈಗೆ ಸಿಕ್ಕ ಚಿಗುರನ್ನೆಲ್ಲ ಚಿವುಟಿ ತಂದು ಬೇಯಿಸುವ ಬೆರಕೆ ಸೊಪ್ಪಿಗೆ ನೂರೊಂದು ಕುಡಿ ಎಂದು ಹೆಸರು. ಎಣಿಸಿದವರನ್ನು ನಾನು ಕಂಡಿಲ್ಲ. ಬೆಳಕು ಹರಿಯುವ ಮುನ್ನವೇ ಅಪ್ಪ ದೊಂದಿ ಹಿಡಿದು ಗದ್ದೆಗೆ ನಡೆಯುತ್ತಿದ್ದ. ಆಗ ಭತ್ತ ಹೊಡೆ ತುಂಬಿ ನಿಂತಿರುತ್ತಿತ್ತು. ಬಸುರಿಗೆ ಬಯಕೆ ಊಟ ಬಡಿಸುವ ಹಬ್ಬ ಇದೆಂದು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಎಳೆಯ ತೆನೆಯನ್ನು ಒಳಗಿಟ್ಟುಕೊಂಡು ಉಬ್ಬಿದ ಗರಿಯನ್ನು ಬೆರಳಲ್ಲಿ ಮುಟ್ಟಿ ನೋಡಿದರೆ ಸಾಕಿತ್ತು.

ಗಂಡನ ಮನೆಯಲ್ಲಿ ಹಬ್ಬ ಹಗಲಿನದು. ಆಗ ಬಂಡಿ ಕಟ್ಟಿಕೊಂಡು ಹೋಗುತ್ತಿದ್ದೆವು, ಈಗ ಮೈದುನನ ಟ್ರ್ಯಾಕ್ಟರ್. ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಕರಿಗಡುಬು, ಮೊಸರು ಬುತ್ತಿ. ನಾನು ಬಂದ ವರ್ಷ ಹೊಲದ ತುಂಬ ರಾಗಿ ಇತ್ತು, ತೆನೆ ಹಾಲುಗಟ್ಟುವ ಹೊತ್ತು. ಅದರ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹಳದಿ ಹೂ ಬಿಟ್ಟ ಹುಚ್ಚೆಳ್ಳು. ಬೆಳೆಯ ಬುಡದಲ್ಲಿ ಐದು ಕಲ್ಲಿಟ್ಟು ಸುಣ್ಣ ಹಚ್ಚಿ ಪಾಂಡವರೆಂದರು. ಹಿಂದೆ ಮರೆಯಲ್ಲಿ ಇನ್ನೊಂದು ಕಲ್ಲು ಇಟ್ಟರು. "ಅದು ಯಾರು?" ಎಂದು ಕೇಳಿದೆ. "ಕರ್ಣ ಕಣವ್ವ, ಅವನೂ ಕುಂತಿಯ ಮಗನೇ ಅಲ್ಲವೇ?" ಎಂದರು ಅತ್ತೆ. ನಮ್ಮ ತವರಿನ ಬುಟ್ಟಿಯಲ್ಲಿ ನೂರೊಂದು ಕುಡಿ ಇದ್ದರೂ ಕರ್ಣನಿಗೆ ಜಾಗ ಇರಲಿಲ್ಲ ಎಂಬುದು ಅಂದು ನನಗೆ ತಟ್ಟಿತು.

ಈಗ ಮಾವನವರ ಪ್ರಶ್ನೆಗೆ ಬರುತ್ತೇನೆ.

ನಮ್ಮ ಹೊಲದಲ್ಲಿ ರಾಗಿ ಹೋಗಿ ಮೆಕ್ಕೆಜೋಳ ಬಂದು ಬಹಳ ಕಾಲವಾಯಿತು. ಜೂನ್ ಮೊದಲ ವಾರ ಬಿತ್ತಿದರೆ ನಾಲ್ಕು ತಿಂಗಳೊಳಗೆ ಬೆಳೆ ಕೈಗೆ. ಅಂದರೆ ಮಾರ್ನವಮಿ ಹೊತ್ತಿಗೆ ಗರಿ ಒಣಗಿ, ತೆನೆಯ ಸಿಪ್ಪೆ ಬೆಳ್ಳಗಾಗಿ, ಮುರಿಯುವುದಷ್ಟೇ ಬಾಕಿ. ಇತ್ತ ಹುಣ್ಣಿಮೆಯೂ ಒಂದೆಡೆ ನಿಲ್ಲುವುದಿಲ್ಲ. 2023ರಲ್ಲಿ ಅಧಿಕ ಶ್ರಾವಣ ಬಂದದ್ದರಿಂದ ಸೀಗೆ ಹುಣ್ಣಿಮೆ ಅಕ್ಟೋಬರ್ 28ಕ್ಕೆ ಹೋಗಿತ್ತು. ಅಂದು ರಾತ್ರಿ ಗ್ರಹಣ ಬೇರೆ. ಆ ಹೊತ್ತಿಗೆ ನಮ್ಮ ಹೊಲದಲ್ಲಿ ನಿಂತದ್ದು ಒಣ ಸೊಪ್ಪೆ ಮಾತ್ರ, ಕಾಳು ಮಂಡಿಗೆ ಹೋಗಿ ದುಡ್ಡೂ ಖರ್ಚಾಗಿತ್ತು. ಮೈದುನ ಪದ್ಧತಿಯಂತೆ ಆ ಸೊಪ್ಪೆಯ ಬುಡದಲ್ಲೇ ಬುಟ್ಟಿ ಇಳಿಸಿದ. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸುತ್ತಮುತ್ತ ನೋಡಿದರು. "ಹೆತ್ತು ಎದ್ದವಳಿಗೆ ಸೀಮಂತ ಮಾಡುತ್ತಾರೇನೋ? ಬಸುರಿ ಯಾರಿದ್ದಾಳೆಂದು ನೋಡಬೇಕು" ಎಂದು ಬುಟ್ಟಿ ಎತ್ತಿಸಿದರು. ಬದುವಿನ ಪಕ್ಕ ಮನೆಖರ್ಚಿಗೆಂದು ಹಾಕಿದ್ದ ನಾಲ್ಕು ಸಾಲು ತೊಗರಿ ಹೂವಿನಲ್ಲಿತ್ತು. ಅಲ್ಲೊಂದು ಇಲ್ಲೊಂದು ಎಳೆಯ ಕಾಯಿ. ಅಂದಿನಿಂದ ಪಾಂಡವರು ತೊಗರಿಯ ಬುಡಕ್ಕೆ ವರ್ಗವಾಗಿದ್ದಾರೆ.

ಮಾವನವರೇ, ನಿಮಗೆ ಇದು ಸಂಪ್ರದಾಯ ಮುಗಿದಂತೆ ಕಂಡಿತು. ಹಬ್ಬ ಯಾವುದಕ್ಕಾಗಿ ಹುಟ್ಟಿತೆಂದು ನೆನಪಿಟ್ಟುಕೊಂಡವರು ನಮ್ಮ ಮನೆಯಲ್ಲಿ ಎಪ್ಪತ್ತು ದಾಟಿದ ಈ ಒಬ್ಬ ಹೆಂಗಸು ಎಂದು ನನಗೆ ಕಂಡಿತು.

ಮೆಕ್ಕೆಜೋಳ ಬೆಳೆದವರನ್ನು ಬೈಯುವ ಬರಹಗಳನ್ನೂ ಓದುತ್ತಿರುತ್ತೇನೆ. ಸಿರಿಧಾನ್ಯ ಬಿಟ್ಟರು, ಆರೋಗ್ಯ ಕೆಡಿಸಿಕೊಂಡರು ಎಂದು ಬರೆಯುವವರು ಬಿತ್ತುವುದಿಲ್ಲ, ಕಳೆ ತೆಗೆಯುವುದಿಲ್ಲ. 2025ರ ಮುಂಗಾರಿಗೆ ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ ರಾಗಿಗೆ 4,886 ರೂಪಾಯಿ, ಮೆಕ್ಕೆಜೋಳಕ್ಕೆ 2,400 ಇತ್ತು. ಕಾಗದದ ಮೇಲೆ ರಾಗಿಯೇ ಗೆದ್ದಂತೆ. ಆದರೆ ನಮ್ಮ ಕೆಮ್ಮಣ್ಣಿನಲ್ಲಿ ಎಕರೆಗೆ ಬರುವ ಮೆಕ್ಕೆಜೋಳ ರಾಗಿಯ ಎರಡು ಪಟ್ಟಿಗಿಂತ ಹೆಚ್ಚು. ಕೊಯ್ಯಲು, ಬಡಿಯಲು, ತೂರಲು ಆಳು ಹುಡುಕಬೇಕಾಗಿಲ್ಲ. ವ್ಯಾಪಾರಿ ಕಣಕ್ಕೇ ಬಂದು ತೂಗಿಕೊಂಡು ಹೋಗುತ್ತಾನೆ. ಬೆಂಬಲ ಬೆಲೆಯಷ್ಟು ಪೇಟೆಯಲ್ಲಿ ಸಿಗುವುದಿಲ್ಲವೆಂದು ಮೈದುನನಿಗೂ ಗೊತ್ತು, ಬೀಜದ ಅಂಗಡಿಯ ಸಾಲ ತೀರಬೇಕೆಂದೂ ಗೊತ್ತು. ಇನ್ನು, ಮಾವನವರು ತಮ್ಮ ಪಾಲಿನ ಹೊಲವನ್ನು ಕೋರಿಗೆ, ಅಂದರೆ ಬೆಳೆಯಲ್ಲಿ ಪಾಲು ಪಡೆಯುವ ಮಾತಿನ ಮೇಲೆ ಬೇರೆಯವರಿಗೆ ಕೊಟ್ಟಿದ್ದಾರೆ. ಅಲ್ಲಿ ಈ ಸಲ ಏನು ಬೆಳೆದಿತ್ತೆಂದು ಅವರೇ ಹೇಳಲಿ.

2018ರಲ್ಲಿ ಸೈನಿಕ ಹುಳು ಬಂದು ಮೆಕ್ಕೆಜೋಳದ ಸುಳಿಯನ್ನು ಜರಡಿ ಮಾಡಿದಾಗ ಮೈದುನ ಔಷಧಿ ಹೊಡೆದು ಹೊಡೆದು ಸಾಕಾಗಿದ್ದ. ಆ ವರ್ಷ ಅತ್ತೆ ಹೊಲ ಸುತ್ತಿ ಎರಡು ಬಾರಿ ಚರಗ ಚೆಲ್ಲಿದರು. ಚರಗವೆಂದರೆ ಬುಟ್ಟಿಯಲ್ಲಿರುವ ಅಡುಗೆಯನ್ನೆಲ್ಲ ಕಲಸಿ ಹೊಲದ ನಾಲ್ಕು ದಿಕ್ಕಿಗೂ ಎರಚುವುದು. ಹಕ್ಕಿಗೆ, ಇಲಿಗೆ, ಹುಳಕ್ಕೂ ಅದರಲ್ಲಿ ಪಾಲು. ಹುಳುವಿಗೆ ವಿಷ ಹೊಡೆದ ಹೊಲದಲ್ಲೇ ಹುಳುವಿಗೆ ಅನ್ನ ಎರಚುವುದನ್ನು ಕಂಡು ಕಾಲೇಜು ಓದುತ್ತಿದ್ದ ನನ್ನ ಮಗಳು ನಕ್ಕಳು. "ಅವನು ಮಾಡುವುದು ಅವನದು, ನಾನು ಮಾಡುವುದು ನನ್ನದು" ಎಂದರು ಅತ್ತೆ. ಆ ಮಾತಿಗೆ ನಾನು ಇನ್ನೂ ತಲೆದೂಗಿಲ್ಲ, ಆದರೆ ಮರೆಯಲೂ ಆಗಿಲ್ಲ.

ದೀಪಾವಳಿಯ ಹಟ್ಟಿ ಹಬ್ಬದ ಕಥೆಯೂ ಇದೇ ದಾರಿಯದು. ಬಲಿಪಾಡ್ಯಮಿಯ ಬೆಳಗ್ಗೆ ಸಗಣಿಯಲ್ಲಿ ಹಟ್ಟಿ ಲಕ್ಕವ್ವನನ್ನು ಮಾಡಿ ಉತ್ತರಾಣಿ ಕಡ್ಡಿ, ಹುಚ್ಚೆಳ್ಳು ಹೂ, ಅಣ್ಣೆ ಹೂ ಸಿಕ್ಕಿಸಬೇಕು. ಅಕ್ಕಡಿ ಸಾಲು ಹೋದ ಮೇಲೆ ಹುಚ್ಚೆಳ್ಳು ಹೋಯಿತು. ಕಳೆನಾಶಕ ಬಂದ ಮೇಲೆ ಹೊಲದೊಳಗಿನ ಅಣ್ಣೆಯೂ ಹೋಯಿತು. ಎತ್ತು ಮಾರಿದ ಮನೆಗಳವರು ಸಗಣಿಗಾಗಿ ಬೆಳಗ್ಗೆ ಐದಕ್ಕೇ ನಮ್ಮ ಹಿತ್ತಿಲಿಗೆ ಬರುತ್ತಾರೆ, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಕೊಡುತ್ತೇವೆ. ಲಕ್ಕವ್ವನ ತಲೆಯ ಮೇಲೆ ಈಗ ದಾವಣಗೆರೆ ಮಾರುಕಟ್ಟೆಯ ಚೆಂಡು ಹೂ ಇದೆ, ಅವಳೇನೂ ಮುನಿಸಿಕೊಂಡಿಲ್ಲ.

ಗುಡ್ಡದ ಆಚೆ ಮಗ್ಗುಲಿನ ಲಂಬಾಣಿ ತಾಂಡಾದಲ್ಲಿ ಮಾತ್ರ ದವಾಳಿ, ಅಂದರೆ ಅವರ ದೀಪಾವಳಿ, ಇನ್ನೂ ಗಟ್ಟಿಯಾಗಿದೆ. ಅಮಾವಾಸ್ಯೆಯ ರಾತ್ರಿ ಹೆಣ್ಣುಮಕ್ಕಳು ದೀಪ ಹಿಡಿದು ಮನೆಮನೆಗೂ ಹೋಗಿ ಹಿರಿಯರಿಗೆ "ಮೇರಾ" ಎಂದು ಹಬ್ಬದ ಹಾರೈಕೆ ಹೇಳುತ್ತಾರೆ. ಮರುದಿನ ಗುಂಪಾಗಿ ಹಾಡುತ್ತ ಗುಡ್ಡ ಹತ್ತಿ ತಂಗಡಿ ಹೂ ತರುತ್ತಾರೆ. ಹಬ್ಬ ಮುಗಿಸಿ ಬಹಳ ಮನೆಗಳವರು ಕಾಫಿ ತೋಟಕ್ಕೋ ಕಬ್ಬು ಕಡಿಯುವುದಕ್ಕೋ ಗುಳೆ ಹೋಗುತ್ತಾರೆ. ಎಲ್ಲರೂ ಊರಿನಲ್ಲಿರುವ ಕೊನೆಯ ದಿನಗಳು ಅವು, ಆದ್ದರಿಂದ ಗಟ್ಟಿ. ಇದನ್ನು ನೋಡಿ "ಅವರು ಸಂಸ್ಕೃತಿ ಉಳಿಸಿಕೊಂಡಿದ್ದಾರೆ, ನಾವು ಕಳೆದುಕೊಂಡೆವು" ಎಂದು ಹೊಗಳುವವರು ಮಳೆಗಾಲ ಮುಗಿದ ಮೇಲೆ ಆ ತಾಂಡಾಕ್ಕೆ ಒಮ್ಮೆ ಹೋಗಿ ಬಾಗಿಲ ಬೀಗಗಳನ್ನು ಎಣಿಸಬೇಕು.

ನನಗೆ ಸಿಟ್ಟು ಬರಿಸುವುದು ಬೇರೆಯೇ. ಎರಡು ವರ್ಷದ ಹಿಂದೆ ನಗರದ ಸಂಸ್ಥೆಯೊಂದು ಸೀಗೆ ಹುಣ್ಣಿಮೆಯನ್ನು ಸಭಾಂಗಣದಲ್ಲಿ ಮಾಡಿತ್ತು. ನಮ್ಮ ಕಚೇರಿಯವರಿಗೂ ಕರೆ ಬಂದಿತ್ತು. ವೇದಿಕೆಯ ಮೇಲೆ ಕುಂಡದಲ್ಲಿ ಪ್ಲಾಸ್ಟಿಕ್ಕಿನ ಜೋಳದ ದಂಟು, ಅದಕ್ಕೆ ಇಳಕಲ್ ಸೀರೆ. ನಿರೂಪಕಿ ಭೂತಾಯಿಯ ಬಸುರಿನ ಬಗ್ಗೆ ಹತ್ತು ನಿಮಿಷ ಮಾತನಾಡಿದಳು, ಚೆನ್ನಾಗಿಯೇ ಮಾತನಾಡಿದಳು. ಊಟಕ್ಕೆ ಪಲಾವ್ ಇತ್ತು. ಅದನ್ನು ಯಾರೂ ಸಂಪ್ರದಾಯ ಹೋಯಿತೆಂದು ಬರೆಯಲಿಲ್ಲ.

ಈ ಸಲ, 2025ರ ಅಕ್ಟೋಬರ್ 7ಕ್ಕೆ, ವಾಲ್ಮೀಕಿ ಜಯಂತಿಯ ರಜೆ ಇದ್ದದ್ದರಿಂದ ಊರಿಗೆ ಹೋಗಲು ಕಚೇರಿಯಲ್ಲಿ ಸುಳ್ಳು ಹೇಳಬೇಕಾಗಲಿಲ್ಲ. ಮೆಕ್ಕೆಜೋಳ ಮುರಿದು, ಯಂತ್ರಕ್ಕೆ ಹಾಕಿ, ಕಾಳನ್ನು ಹೊಲದ ಮಗ್ಗುಲಿನ ಡಾಂಬರು ರಸ್ತೆಯ ಅರ್ಧಕ್ಕೆ ಹರವಿದ್ದರು. ಸುತ್ತ ಸಾಲುಗಲ್ಲು, ಪಕ್ಕದಲ್ಲಿ ಮಡಚಿಟ್ಟ ಟಾರ್ಪಾಲು. ಹಾಗೆ ಒಣಗಿಸುವುದು ತಪ್ಪು, ರಾತ್ರಿ ಬೈಕಿನವರು ಬಿದ್ದದ್ದನ್ನು ಕೇಳಿದ್ದೇನೆ, ಮೈದುನನಿಗೆ ಹೇಳಿಯೂ ಇದ್ದೇನೆ. ಬೇರೆ ಕಣ ತೋರಿಸು ಎನ್ನುತ್ತಾನೆ.

ತೊಗರಿಗೆ ಕುಪ್ಪಸದ ಕಣ ಸುತ್ತಿ, ಬಳೆ ತೊಡಿಸಿ, ಉಡಿ ತುಂಬಿ ಆಗಿತ್ತು. ಮಾವನವರು ಮೆಚ್ಚದ ಆ ಫೋಟೊವನ್ನು ತೆಗೆದದ್ದು ಆಗಲೇ. ಚರಗಕ್ಕೆಂದು ಅತ್ತೆ ಅನ್ನ, ಪಲ್ಯ, ಕಡುಬನ್ನೆಲ್ಲ ಬುಟ್ಟಿಯಲ್ಲಿ ಕಲಸುತ್ತಿದ್ದರು. ಗುಡ್ಡದ ಮೇಲಿನ ಗಾಳಿಯಂತ್ರಗಳ ಹಿಂದಿನಿಂದ ಕಪ್ಪು ಮೋಡ ಇಳಿಯಿತು. ಹಸ್ತ ಮಳೆ, ಹೇಳದೆ ಕೇಳದೆ ಬಂತು. ಮೈದುನ "ಕಾಳು!" ಎಂದು ಕೂಗಿದ್ದೇ ತಡ, ಬುಟ್ಟಿ ಇದ್ದಲ್ಲೇ ಬಿಟ್ಟು ಎಲ್ಲರೂ ರಸ್ತೆಗೆ ಓಡಿದೆವು. ರೇಷ್ಮೆ ಸೀರೆ ಉಟ್ಟ ನೆಗೆಣ್ಣಿ ಮಂಡಿಯೂರಿ ಕಾಳು ಬಾಚಿದಳು. ಟಾರ್ಪಾಲಿನ ನಾಲ್ಕು ಮೂಲೆಗೆ ನಾಲ್ಕು ಜನ ಕುಳಿತೆವು. ಐದು ಹನಿ ಚೆಲ್ಲಿ, ಎಲ್ಲರ ಮುಖ ನೋಡಿ, ಮಳೆ ಹೋಯಿತು.

ಮರಳಿ ಬಂದು ನೋಡಿದರೆ ಬುಟ್ಟಿ ಮಗುಚಿತ್ತು. ಕಾಗೆ, ಗೊರವಂಕಗಳು ಕಡುಬಿಗಾಗಿ ಕಿತ್ತಾಡುತ್ತಿದ್ದವು. ಒಂದು ಕಾಗೆ ಕರ್ಣನ ತಲೆಯ ಮೇಲೆ ಕುಳಿತು ತಿನ್ನುತ್ತಿತ್ತು. ಓಡಿಸಲು ಮಣ್ಣಿನ ಹೆಂಟೆ ಎತ್ತಿಕೊಂಡೆ. ಅತ್ತೆ ನನ್ನ ಕೈ ಹಿಡಿದರು.

"ಬಿಡವ್ವ, ಚೆಲ್ಲುವ ಕೆಲಸ ಉಳಿಯಿತು. ನಡಿ, ನಾವೂ ಉಣ್ಣೋಣ."