ಉದ್ದಗಾಲಿನ ಒದ್ದೆ ಸಂಸಾರ

ದೈತ್ಯ ಸೊಳ್ಳೆ ಎಂದುಕೊಂಡು ಜನ ಚಪ್ಪಲಿ ಎತ್ತುವ ಕ್ರೇನ್ ನೊಣಕ್ಕೆ ಕಚ್ಚಲು ಬರುವುದಿಲ್ಲ. ರೆಕ್ಕೆ ಮೂಡಿದ ಮೇಲೆ ಅದರ ಆಯುಸ್ಸೇ ಕೆಲವು ದಿನ. ಅಷ್ಟರಲ್ಲಿ ಜೊತೆ ಹುಡುಕಿ ಮೊಟ್ಟೆಯಿಡಬೇಕು. ಹೆಚ್ಚಿನ ಜಾತಿಗಳಿಗೆ ಊಟದ ಗೊಡವೆಯೇ ಇಲ್ಲ. 15,000ಕ್ಕೂ ಮಿಕ್ಕಿದ ಜಾತಿಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚನ್ನು ಅಮೆರಿಕದ ಕೀಟತಜ್ಞ ಚಾರ್ಲ್ಸ್ ಪಾಲ್ ಅಲೆಕ್ಸಾಂಡರ್ ಒಬ್ಬರೇ ವರ್ಣಿಸಿದರು. ಇಷ್ಟು ದೊಡ್ಡ ಬಳಗ ಬೆಟ್ಟದ ಮೇಲೆ ಎಲ್ಲೆಲ್ಲಿ ಹಂಚಿಕೊಂಡಿದೆ?

ಬೆಟ್ಟವನ್ನು ಅಡಿಕಾಡು, ನಡುಕಾಡು, ಹುಲ್ಲುಗಾವಲು, ಹಿಮ ಎಂದು ಪಟ್ಟಿ ಹಾಕುವುದು ನಮ್ಮ ಚಪಲ. ನೊಣದ ವಿಳಾಸ ನಿರ್ಧರಿಸುವುದು ಅದರ ಮರಿಹುಳು. ಈ ಹುಳುವಿಗೆ ಉಸಿರಾಟದ ರಂಧ್ರಗಳು ಬಾಲದ ತುದಿಯಲ್ಲಿ. ಮೊಟ್ಟೆಯೂ ಆಗತಾನೇ ಒಡೆದ ಮರಿಯೂ ಸ್ವಲ್ಪ ಒಣಗಿದರೂ ಸಾಯುತ್ತವೆ. ಆದ್ದರಿಂದ ತೊರೆಯಂಚಿನ ಕೆಸರು, ನೀರಲ್ಲಿ ಕೊಳೆಯುವ ತರಗೆಲೆ, ಕುಂಬಾದ ಮರ, ಹಾವಸೆ, ಬಂಡೆಯ ಮೇಲೆ ಜಿನುಗುವ ತೆಳು ನೀರು ಇವೇ ಅದರ ಮನೆಗಳು. ಮಂಜು ಕವಿಯುವ ನಡುಕಾಡಿನಲ್ಲಿ ಇವೆಲ್ಲ ಹತ್ತು ಹೆಜ್ಜೆಯೊಳಗೇ ಸಿಗುವುದರಿಂದ ಬಲೆ ತುಂಬುತ್ತದೆ. ಅದೇ ಎತ್ತರದ ಒಣ ಇಳಿಜಾರಿನಲ್ಲಿ ಬಲೆ ಬೀಸಿದರೆ ತೋಳು ನೋಯುವುದಷ್ಟೇ ಲಾಭ.

ಮೇಲೇರಿದಂತೆ ತೇವಕ್ಕಿಂತ ಬೆಚ್ಚನೆಯ ದಿನಗಳದ್ದೇ ಬರ. ಬ್ರಿಟನ್ನಿನ ಬೆಟ್ಟಗಳ ಟಿಪುಲಾ ಮೊಂಟಾನಾ ಎಂಬ ಕ್ರೇನ್ ನೊಣಕ್ಕೆ ಬೆಳೆಯಲು ಎರಡು ವರ್ಷ ಬೇಕು. ಎತ್ತರದ ಬದಲು ಅಕ್ಷಾಂಶ ತಂದ ಚಳಿಯಲ್ಲೂ ಇದೇ ಕತೆ: ಆರ್ಕ್ಟಿಕ್ ಅಲಾಸ್ಕದ ಟಿಪುಲಾ ಕಾರಿನಿಫ್ರಾನ್ಸ್‌ಗೆ ಸುಮಾರು ನಾಲ್ಕು. ಗಾಳಿ ಜೋರಾದ ಬಯಲಲ್ಲಿ ರೆಕ್ಕೆಯೂ ಹೊರೆ. ಮೊಲೊಫಿಲಸ್ ಏಟರ್ ಎಂಬ ಜಾತಿಯ ರೆಕ್ಕೆಗಳು ಮೋಟಾಗಿವೆ. ಕಿಯೋನಿಯಾ ಎಂಬ ಕ್ರೇನ್ ನೊಣಕ್ಕೆ ರೆಕ್ಕೆಯೇ ಇಲ್ಲ. ಅದು ಚಳಿಗಾಲದಲ್ಲಿ, ಸೊನ್ನೆಗಿಂತ ಕೆಲವು ಡಿಗ್ರಿ ಕೆಳಗೂ ಹಿಮದ ಮೇಲೆ ನಡೆದಾಡಿ ಸಂಗಾತಿಯನ್ನು ಹುಡುಕುತ್ತದೆ. ಕಾಲೊಂದು ಹೆಪ್ಪುಗಟ್ಟತೊಡಗಿದರೆ, ಮಂಜುಗಡ್ಡೆ ಮೈಗೆ ಹಬ್ಬುವ ಮೊದಲೇ ಅದನ್ನು ಕಳಚಿಬಿಡುತ್ತದೆ. ಇಂಥ ನಿರ್ದಾಕ್ಷಿಣ್ಯ ಲೆಕ್ಕಾಚಾರ ನಮಗೆ ಬಾರದು.

ಕಾಲು ಕಳಚುವ ಚಾಳಿ ಹಿಡಿಯುವವರಿಗೆ ತಲೆನೋವು. ಬೆರಳಿಂದ ಹಿಡಿದರೆ ಕಾಲು ಮಾತ್ರ ಕೈಗೆ ಬರುತ್ತದೆ. ಒಂದೇ ಸೀಸೆಗೆ ಹತ್ತಾರನ್ನು ತುಂಬಿದರೆ ಯಾವ ಕಾಲು ಯಾರದೆಂದು ಪತ್ತೆಯಾಗದು. ಪುಟ್ಟ ಸೀಸೆಗಳಲ್ಲಿ, 70–80% ಆಲ್ಕೊಹಾಲ್‌ನಲ್ಲಿ ಒಂದೊಂದನ್ನೇ ಇಡುವುದು ಲೇಸು. ಜಾತಿ ಗುರುತಿಸಲು ಸಾಮಾನ್ಯವಾಗಿ ಗಂಡೇ ಬೇಕು: ಹೊಟ್ಟೆಯ ತುದಿಯನ್ನು 10% ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ನೆನೆಸಿ, ಮೆತ್ತನೆಯ ಭಾಗ ಕರಗಿದ ಮೇಲೆ ಜನನಾಂಗದ ಆಕಾರ ನೋಡಬೇಕು. ಹೆಚ್ಚು ಹೊತ್ತು ಬಿಟ್ಟರೆ ನೋಡಬೇಕಾದ್ದೂ ಬಿಳಿಚಿ ಹೋಗುತ್ತದೆ.

ಸೀಸೆಯ ಚೀಟಿಯಲ್ಲಿ ಎತ್ತರವಷ್ಟೇ ಬರೆದರೆ ಸಾಲದು, ಕೆಸರೋ ಹಾವಸೆಯೋ ಎಂಬುದೂ ಬೇಕು. ಹಗಲಲ್ಲಿ ಗಾಳಿ ಇಳಿಜಾರನ್ನೇರುವಾಗ ಕೆಳಗಿನ ನೊಣಗಳನ್ನೂ ಹೊತ್ತು ತರುತ್ತದೆ. ಹಾಗಾಗಿ ಶಿಖರದ ದೀಪಕ್ಕೆ ಬಂದದ್ದೆಲ್ಲ ಶಿಖರವಾಸಿಯಲ್ಲ. ಅಲ್ಲೇ ಹುಟ್ಟಿದ್ದಕ್ಕೆ ಪುರಾವೆ ಬೇಕಿದ್ದರೆ ಮಂಡಿಯೂರಿ ಹಾವಸೆ ಕೆದಕಿ, ಮರಿಹುಳುವನ್ನೋ ರೆಕ್ಕೆ ಮೂಡುವ ಮುನ್ನಿನ ಕೋಶದ ಖಾಲಿ ಸಿಪ್ಪೆಯನ್ನೋ ಹುಡುಕಬೇಕು.