ಬೀಗದ ಗುರುತು: ನಾನು ಹಾಕಿದ್ದ ಮೆಸೇಜ್ ತಪ್ಪು

"ಬ್ರೌಸರಿನಲ್ಲಿ ಬೀಗ ಕಂಡರೆ ಸೈಟ್ ಅಸಲಿ, ಧೈರ್ಯವಾಗಿ ದುಡ್ಡು ಕಟ್ಟಿ" ಅಂತ ಹೋದ ವಾರ ನಮ್ಮ ವಿಜಯನಗರದ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಬರೆದವನು ನಾನೇ. ನಿನ್ನೆ ಅದು ಜಯನಗರದ ಅತ್ತಿಗೆಯಿಂದ ನನಗೇ ವಾಪಸ್ ಬಂತು! ಅದು ತಪ್ಪು.

ಬೀಗ ಹೇಳುವುದು ಇಷ್ಟೇ: ನಿಮ್ಮ ಫೋನಿಗೂ ಆ ಸೈಟಿಗೂ ನಡುವೆ ಓಡಾಡುವ ಮಾಹಿತಿ ಗೂಢಲಿಪಿಯಲ್ಲಿದೆ. ಹೋಟೆಲಿನ ವೈಫೈನಲ್ಲಿ ಹೊಂಚು ಹಾಕಿದವರಿಗೆ ಪಾಸ್‌ವರ್ಡ್ ಓದಲು ಆಗುವುದಿಲ್ಲ. ಆದರೆ ಆ ಕಡೆ ಕೂತವನೇ ಕಳ್ಳನಾದರೆ? ಪಾಸ್‌ವರ್ಡ್ ಭದ್ರವಾಗಿ ಅವನ ಕೈಗೇ ಸೇರುತ್ತದೆ, ಅಲ್ವಾ? ಬೀಗಕ್ಕೆ ಬೇಕಾದ ಡಿಜಿಟಲ್ ಸರ್ಟಿಫಿಕೇಟನ್ನು ಲೆಟ್ಸ್ ಎನ್‌ಕ್ರಿಪ್ಟ್ ಅನ್ನೋ ಸಂಸ್ಥೆ 2015ರಿಂದ ಪುಕ್ಕಟೆ ಕೊಡುತ್ತಿದೆ. ಸೈಟಿನ ವಿಳಾಸ ನಿಮ್ಮ ಹಿಡಿತದಲ್ಲಿದೆಯಾ ಅಂತ ಮಾತ್ರ ನೋಡುತ್ತದೆ, ನೀವು ಯಾರು ಅಂತ ಕೇಳುವುದಿಲ್ಲ. ಜನ ನನ್ನ ಹಾಗೇ ತಪ್ಪು ತಿಳಿಯುತ್ತಾರೆ ಅಂತ ಕ್ರೋಮ್ 2023ರಲ್ಲಿ ವಿಳಾಸದ ಪಕ್ಕದ ಬೀಗದ ಚಿತ್ರವನ್ನೇ ತೆಗೆಯಿತು.

ನೋಡಬೇಕಾದ್ದು ವಿಳಾಸದ ಹೆಸರು (ಶುರುವಿನ "https://" ಬಿಟ್ಟು, ಮುಂದಿನ "/" ಗೆರೆ ಬರುವವರೆಗಿನ ಭಾಗ) ಎಲ್ಲಿ ಮುಗಿಯುತ್ತದೆ ಅಂತ. "ಕರ್ನಾಟಕ ಡಾಟ್ ಗವ್ ಡಾಟ್ ಇನ್" ಅಂತ ಮುಗಿದರೆ ನಮ್ಮ ರಾಜ್ಯ ಸರ್ಕಾರದ್ದು. ಅದರಾಚೆ ಮತ್ತೊಂದು ಡಾಟ್, ಮತ್ತೇನೋ ಹೆಸರು ಅಂಟಿದ್ದರೆ ಅದು ಬೇರೆ ಯಾರದ್ದೋ.

ದಯವಿಟ್ಟು ಹಳೇ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಆಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.