ಒಬ್ಬ ಪಿಚರ್‌ಗೆ ನಾಲ್ಕು ಹುಡುಗರು: ರೆಡ್ ಸಾಕ್ಸ್ ವ್ಯಾಪಾರ ಗಿಟ್ಟಿತೇ?

2024ರ ಡಿಸೆಂಬರ್ 11ರಂದು ಬಾಸ್ಟನ್ ರೆಡ್ ಸಾಕ್ಸ್ ಬೇಸ್‌ಬಾಲ್ ತಂಡ ನಾಲ್ವರು ಎಳೆಯ ಆಟಗಾರರನ್ನು ಶಿಕಾಗೊ ವೈಟ್ ಸಾಕ್ಸ್‌ಗೆ ಕೊಟ್ಟು, ಎಡಗೈ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವನು) ಗ್ಯಾರೆಟ್ ಕ್ರೋಶೆಯನ್ನು ತಂದಿತು. ಅದೇ ಚಳಿಗಾಲದಲ್ಲಿ ದುಡ್ಡು ಸುರಿದು ಇನ್ನೂ ಕೆಲವು ಪಿಚರ್‌ಗಳನ್ನು ಸೇರಿಸಿಕೊಂಡಿತು. 2025ರ ಸೀಸನ್ ಮುಗಿದ ಮೇಲೆ ಮ್ಯಾಸಚೂಸೆಟ್ಸ್‌ನ ಇಬ್ಬರು ಕನ್ನಡಿಗರನ್ನು ಕೇಳಿದೆವು. ಮಾಡಿದ್ದು ಸರಿಯೇ?

ಪರ: ಎಸೆಯುವವನು ಇಲ್ಲದೆ ಗೆಲ್ಲುವುದು ಹೇಗೆ?

ಮೊದಲೇ ಹೇಳಿಬಿಡುತ್ತೇನೆ, ಪರ ಬರೆಯುತ್ತೇನೆ ಅಂತ ನಾನಾಗಿ ಹೋದವನಲ್ಲ. ವಿರೋಧಕ್ಕೆ ಆಗಲೇ ಒಬ್ಬರು ಸಿಕ್ಕಿದ್ದರಂತೆ, ಅದೂ ಜೋರಾಗಿ ಬರೆಯುವವರು. ಉಳಿದದ್ದು ನನ್ನ ಪಾಲಿಗೆ ಬಂತು. ನಾನು ಲೆಕ್ಕಪತ್ರದ ಕೆಲಸದವನು. ಬೇಸ್‌ಬಾಲ್ ನೋಡಲು ಕಲಿತದ್ದೇ ಆಫೀಸಿನಲ್ಲಿ ಊಟದ ಹೊತ್ತಿಗೆ ಮಾತಾಡಲು ಏನಾದರೂ ಬೇಕಲ್ಲ ಅಂತ. ಹಾಗಾಗಿ ಲೆಕ್ಕವನ್ನೇ ಹೇಳುತ್ತೇನೆ.

2022, 2023, 2024. ಸತತ ಮೂರು ವರ್ಷ ರೆಡ್ ಸಾಕ್ಸ್ ಪ್ಲೇಆಫ್ ಮುಖ ನೋಡಲಿಲ್ಲ. 2024ರಲ್ಲಿ ಗೆದ್ದದ್ದು 81, ಸೋತದ್ದೂ 81. ನಮ್ಮ ಕೆಲಸದಲ್ಲಿ ಎರಡು ಕಡೆಯೂ ಹೀಗೆ ಟ್ಯಾಲಿ ಆದರೆ ಖುಷಿ, ಆಟದಲ್ಲಿ ಅಲ್ಲ. ಚೆಂಡು ಹೊಡೆಯುವ ಹುಡುಗರಿಗೆ ಬರವಿರಲಿಲ್ಲ. ಕೆಳಗಿನ ಲೀಗ್‌ಗಳಲ್ಲಿ ಇನ್ನೂ ಬೆಳೆಯುತ್ತಲೇ ಇದ್ದರು. ಇಲ್ಲದಿದ್ದದ್ದು ಒಂದೇ. ದೊಡ್ಡ ಪಂದ್ಯದ ದಿನ ಕೈಗೆ ಚೆಂಡು ಕೊಟ್ಟು ನಿಶ್ಚಿಂತೆಯಿಂದ ಕೂರಬಹುದಾದ ಒಬ್ಬ ಪಿಚರ್.

ಆ ಪಿಚರ್ ಬಂದ. ಹೆಸರು ಕೇಳಿ ನಮ್ಮ ಮನೆಯವಳು "ಕ್ರೋಶಾ ಕಡ್ಡೀನಾ?" ಅಂದಳು. ಉಚ್ಚಾರಣೆ ಹೆಚ್ಚುಕಮ್ಮಿ ಅದೇ. ಆರೂವರೆ ಅಡಿ ಎತ್ತರದ ಆಳು. 2025ರಲ್ಲಿ 18 ಗೆದ್ದ, 5 ಸೋತ. 205 ಇನಿಂಗ್ಸ್ ಎಸೆದ (ಒಂದು ಪಂದ್ಯಕ್ಕೆ ಒಂಬತ್ತು ಇನಿಂಗ್ಸ್). 255 ಸ್ಟ್ರೈಕ್‌ಔಟ್ ಮಾಡಿದ, ಅಂದರೆ ಅಷ್ಟು ಸಲ ಬ್ಯಾಟರ್‌ಗೆ ಹೊಡೆತವೇ ಸಿಗದಂತೆ ಔಟ್ ಮಾಡಿದ. ಅಮೆರಿಕನ್ ಲೀಗ್‌ನಲ್ಲಿ (ಮೇಲಿನ ಲೀಗ್‌ನ ಎರಡು ಭಾಗಗಳಲ್ಲಿ ನಮ್ಮದು) ಅಷ್ಟು ಬೇರೆ ಯಾರಿಂದಲೂ ಆಗಲಿಲ್ಲ. ಒಂಬತ್ತು ಇನಿಂಗ್ಸ್‌ಗೆ ಸರಾಸರಿ ಬಿಟ್ಟುಕೊಟ್ಟದ್ದು 2.59 ರನ್. ತಂಡ 89 ಪಂದ್ಯ ಗೆದ್ದು ಪ್ಲೇಆಫ್‌ಗೆ ಹೋಯಿತು. ಸೆಪ್ಟೆಂಬರ್ 30ರಂದು ಯಾಂಕೀ ಸ್ಟೇಡಿಯಂನಲ್ಲಿ ಅವನ 117 ಎಸೆತ ನೋಡಿದಿರಾ? 11 ಸ್ಟ್ರೈಕ್‌ಔಟ್, ಒಂದೇ ಒಂದು ವಾಕ್ (ದಾರಿ ತಪ್ಪಿದ ಎಸೆತಗಳಿಂದ ಬ್ಯಾಟರ್‌ಗೆ ಸಿಗುವ ಪುಕ್ಕಟೆ ಬೇಸ್) ಇಲ್ಲ. 3–1ರಿಂದ ಗೆದ್ದೆವು. ಆಮೇಲಿನ ಎರಡು ಪಂದ್ಯ ಸೋತು ಮನೆಗೆ ಬಂದದ್ದು ನಿಜ. ಅದಕ್ಕೆ ಕ್ರೋಶೆಯನ್ನು ಕೇಳಬೇಡಿ. ಆ ಎರಡು ದಿನ ಅವನು ಎಸೆಯಲೇ ಇಲ್ಲ.

ಕೊಟ್ಟದ್ದೇನು? ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವನು) ಕೈಲ್ ಟೀಲ್, ಇನ್‌ಫೀಲ್ಡರ್ ಚೇಸ್ ಮೈಡ್ರಾತ್, ಔಟ್‌ಫೀಲ್ಡರ್ ಬ್ರೇಡನ್ ಮಾಂಟ್ಗೊಮರಿ, ಪಿಚರ್ ವಿಕೆಲ್‌ಮನ್ ಗೊನ್ಸಾಲೆಸ್. ಆ ದಿನಕ್ಕೆ ನಾಲ್ವರಲ್ಲಿ ಒಬ್ಬನೂ ಮೇಜರ್ ಲೀಗ್‌ನಲ್ಲಿ, ಅಂದರೆ ಅತಿ ಮೇಲಿನ ಲೀಗ್‌ನಲ್ಲಿ, ಒಂದು ಪಂದ್ಯ ಆಡಿರಲಿಲ್ಲ. ಮಾಂಟ್ಗೊಮರಿಯಂತೂ ಮೈನರ್ ಲೀಗ್‌ನಲ್ಲೂ ಆಡಿರಲಿಲ್ಲ, ಕಾಲೇಜಿನಲ್ಲೇ ಕಣಕಾಲು ಮುರಿದುಕೊಂಡಿದ್ದ. ಟೀಲ್ ಹೋದ ದಿನವೇ ಯಾಂಕೀಸ್‌ನಿಂದ ಕಾರ್ಲೋಸ್ ನಾರ್ವಾಯೆಸ್ ಎಂಬ ಕ್ಯಾಚರ್ ಬಂದ. ಒಳ್ಳೆಯ ಕೈ. ಲೆಕ್ಕ ಸರಿಹೋಯಿತಲ್ಲ?

ಹುಡುಗರನ್ನು ಮಾರಬಾರದು ಎನ್ನುವವರಿಗೆ ಒಂದು ಮಾತು. ಇದು ಆಟದ ತಂಡ, ಅಂಗನವಾಡಿ ಅಲ್ಲ. 2016ರ ಡಿಸೆಂಬರ್‌ನಲ್ಲಿ ಇದೇ ವೈಟ್ ಸಾಕ್ಸ್‌ಗೆ ಇಂಥದ್ದೇ ನಾಲ್ವರು ಹುಡುಗರನ್ನು ಕೊಟ್ಟು, ಇಂಥದ್ದೇ ಎತ್ತರದ ಎಡಗೈ ಪಿಚರ್ ಕ್ರಿಸ್ ಸೇಲ್‌ನನ್ನು ತಂದರು. ಆಗಲೂ ಆ ನಾಲ್ವರಲ್ಲಿ ಒಬ್ಬನಾದ ಯೋಆನ್ ಮೊಂಕಾಡಾ ಹೋದ ಅಂತ ಜನ ಗೋಳಾಡಿದರು. ಎರಡು ವರ್ಷಕ್ಕೆ, 2018ರಲ್ಲಿ, ರೆಡ್ ಸಾಕ್ಸ್ ಗೆದ್ದ ವರ್ಲ್ಡ್ ಸೀರೀಸ್‌ನ (ವರ್ಷದ ಫೈನಲ್ ಸರಣಿ) ಕಡೇ ಔಟ್ ಮಾಡಿದವನು ಅದೇ ಸೇಲ್. ಮೊಂಕಾಡಾ ಈಗ ಯಾರಿಗೆ ನೆನಪಿದ್ದಾನೆ?

ನಮ್ಮ ಆರ್‌ಸಿಬಿಯನ್ನೇ ನೋಡಿ. ವರ್ಷಗಟ್ಟಲೆ ಬ್ಯಾಟ್ಸ್‌ಮನ್‌ಗಳ ಹಿಂದೆ ಓಡಿದರು. 2024ರ ನವೆಂಬರ್ ಹರಾಜಿನಲ್ಲಿ ಹೇಜಲ್‌ವುಡ್‌ಗೆ 12.50 ಕೋಟಿ, ಭುವನೇಶ್ವರ್‌ಗೆ 10.75 ಕೋಟಿ ಕೊಟ್ಟರು. 2025ರಲ್ಲಿ ಕಪ್ ಬಂತು. ತಮಾಷೆ ಎಂದರೆ ಹರಾಜು ಮುಗಿದ ಸ್ವಲ್ಪ ದಿನಕ್ಕೆ ರೆಡ್ ಸಾಕ್ಸ್ ಕ್ಲೋಸರ್ (ಪಂದ್ಯದ ಕೊನೆಯಲ್ಲಿ ಎಸೆಯುವ ಪಿಚರ್) ಅರೋಲ್ಡಿಸ್ ಚಾಪ್‌ಮನ್‌ಗೆ ಕೊಟ್ಟದ್ದೂ 10.75. ಕೋಟಿ ರೂಪಾಯಿ ಅಲ್ಲ, ಮಿಲಿಯನ್ ಡಾಲರ್. 37ರ ವಯಸ್ಸಿನಲ್ಲಿ ಆತ 32 ಪಂದ್ಯ ಉಳಿಸಿಕೊಟ್ಟ.

ಅದೇ ಚಳಿಗಾಲದಲ್ಲಿ ತಂದ ಪಿಚರ್ ವಾಕರ್ ಬ್ಯೂಲರ್ ವಿಷಯ ಬರೆಯದೆ ಬಿಡೋಣ ಅಂತಿದ್ದೆ. ಆಗಲ್ಲ. ಒಂದು ವರ್ಷಕ್ಕೆ 2.1 ಕೋಟಿ ಡಾಲರ್, ಆಗಸ್ಟ್ ಮುಗಿಯುವ ಮೊದಲೇ ಕೈಬಿಟ್ಟರು. ಆ ಚೆಕ್‌ಗೆ ನಾನಾಗಿದ್ದರೆ ಸಹಿ ಹಾಕುತ್ತಿರಲಿಲ್ಲ. ಆದರೆ ನಾಲ್ಕು ಸಾಮಾನು ಕೊಂಡಾಗ ಒಂದು ಕೆಟ್ಟು ಬರುವುದು ಇದ್ದದ್ದೇ. ಕೇಳಿದಷ್ಟು ಬರೆದೆ ಅಂದುಕೊಂಡಿದ್ದೇನೆ.

ವಿರೋಧ: ಮೈಡ್ರಾತ್‌ನನ್ನು ಕೊಡಬಾರದಿತ್ತು

2025ರ ಏಪ್ರಿಲ್ 13, ಭಾನುವಾರ. ಶಿಕಾಗೊದಲ್ಲಿ ಪಂದ್ಯ. ಕ್ರೋಶೆ ತನ್ನ ಹಳೇ ತಂಡದ ಎದುರು ಎಸೆಯುತ್ತಿದ್ದ. ಏಳು ಇನಿಂಗ್ಸ್ ಮುಗಿದಿತ್ತು, ಒಂದೂ ಹಿಟ್ (ಬ್ಯಾಟರ್ ಹೊಡೆದು ಬೇಸ್ ತಲುಪುವುದು) ಕೊಟ್ಟಿರಲಿಲ್ಲ. ಹೀಗೇ ಒಂಬತ್ತೂ ಮುಗಿಸಿದರೆ ಅದಕ್ಕೆ ನೋ-ಹಿಟರ್ ಅನ್ನುತ್ತಾರೆ. ಎಷ್ಟೋ ದೊಡ್ಡ ಪಿಚರ್‌ಗಳಿಗೆ ಇಡೀ ಜೀವಮಾನದಲ್ಲಿ ಒಂದೂ ದಕ್ಕುವುದಿಲ್ಲ. ಎಂಟನೇ ಇನಿಂಗ್ಸ್, ಒಬ್ಬ ಔಟ್. ಬ್ಯಾಟ್ ಹಿಡಿದು ಬಂದವನು ಚೇಸ್ ಮೈಡ್ರಾತ್. ಮೇಜರ್ ಲೀಗ್‌ಗೆ ಕಾಲಿಟ್ಟು ಎರಡೇ ದಿನ ಆಗಿತ್ತು. ಹೊಡೆದ. ಹಿಟ್.

ನಾನು ಸೋಫಾದಿಂದ ಎದ್ದು ಚಪ್ಪಾಳೆ ತಟ್ಟಿದೆ. ನಮ್ಮದೇ ತಂಡದ ಪಿಚರ್‌ಗೆ ನೋ-ಹಿಟರ್ ತಪ್ಪಿತು, ನಾನು ಚಪ್ಪಾಳೆ ತಟ್ಟಿದೆ! ಮಗಳು ಹೋಂವರ್ಕ್ ಬಿಟ್ಟು ಬಂದು "ಅಮ್ಮ, ನೀನು ಯಾರ ಕಡೆ?" ಅಂದಳು.

ಅದಕ್ಕೆ ಉತ್ತರ ಕೊಡಬೇಕೆಂದರೆ ಸ್ವಲ್ಪ ಹಿಂದೆ ಹೋಗಬೇಕು.

ನಾವಿರುವುದು ವುಸ್ಟರ್ ಹತ್ತಿರ. ರೆಡ್ ಸಾಕ್ಸ್‌ನ ಮೈನರ್ ಲೀಗ್ ತಂಡ ಆಡುವುದು ಇಲ್ಲೇ, ಪೋಲಾರ್ ಪಾರ್ಕ್‌ನಲ್ಲಿ. ರೆಡ್ ಸಾಕ್ಸ್ ಆಡುವ ಫೆನ್ವೇ ಮೈದಾನಕ್ಕೆ ಹೋದರೆ ಪಾರ್ಕಿಂಗ್‌ಗೆ ಕೊಡುವ ದುಡ್ಡಿನಲ್ಲಿ ಇಲ್ಲಿ ಮನೆಮಂದಿಯೆಲ್ಲ ಪಂದ್ಯ ನೋಡಿಕೊಂಡು ಬರಬಹುದು. 2024ರ ಬೇಸಿಗೆಯಲ್ಲಿ ಅಪ್ಪ ತಿಪಟೂರಿನಿಂದ ಬಂದಿದ್ದರು. ತೆಂಗಿನ ತೋಟದವರು. ಮನೆಯಲ್ಲಿ ಕೂತು ಕೂತು ಬೇಜಾರಾಗಿ ಹೋಗಿದ್ದರು. ಒಂದು ಸಂಜೆ ಕರೆದುಕೊಂಡು ಹೋದೆ.

ಆಟ ಅವರಿಗೆ ಒಂದು ಚೂರೂ ತಿಳಿಯಲಿಲ್ಲ. "ಓಡೋದು ಯಾವಾಗ, ನಿಲ್ಲೋದು ಯಾವಾಗ?" ಅಂತ ಎರಡು ಸಲ ಕೇಳಿ ಸುಮ್ಮನಾದರು. ಕಡ್ಲೇಕಾಯಿ ಸುಲಿಯುತ್ತಾ ಕೂತರು. ನಾಲ್ಕನೇ ಇನಿಂಗ್ಸ್ ಹೊತ್ತಿಗೆ ಇದ್ದಕ್ಕಿದ್ದಂತೆ ಮೊಣಕೈಯಲ್ಲಿ ತಿವಿದರು. "ಮಗಾ, ಆ ಕುಳ್ಳ ಹುಡುಗನ್ನ ನೋಡು. ಅವನು ಹೊಡೆಯೋದೇ ಇಲ್ಲ. ಸುಮ್ನೆ ನಿಂತಿರ್ತಾನೆ, ಆಮೇಲೆ ನಡ್ಕೊಂಡು ಹೋಗಿ ಅಲ್ಲಿ ನಿಂತ್ಕೋತಾನೆ. ಯಾರೂ ಏನೂ ಅನ್ನಲ್ವಲ್ಲ!"

ಅದು ಮೈಡ್ರಾತ್. ಕೆಟ್ಟ ಚೆಂಡಿಗೆ ಬ್ಯಾಟ್ ಬೀಸದೆ ಇರುವುದು ಒಂದು ವಿದ್ಯೆ. ಪಿಚರ್ ನಾಲ್ಕು ಸಲ ದಾರಿ ತಪ್ಪಿದರೆ ಬ್ಯಾಟರ್‌ಗೆ ಪುಕ್ಕಟೆಯಾಗಿ ಮೊದಲ ಬೇಸ್ ಸಿಗುತ್ತದೆ. ಆ ವರ್ಷ ವುಸ್ಟರ್‌ನಲ್ಲಿ ಆ ಹುಡುಗ ಸ್ಟ್ರೈಕ್‌ಔಟ್ ಆದದ್ದಕ್ಕಿಂತ ಹೀಗೆ ನಡೆದುಕೊಂಡು ಹೋದದ್ದೇ ಜಾಸ್ತಿ. ಬೇಸ್‌ಬಾಲ್ ಗಂಧಗಾಳಿ ಇಲ್ಲದ ಮುದುಕರೊಬ್ಬರು ಅರ್ಧ ಪಂದ್ಯದಲ್ಲಿ ಕಂಡುಹಿಡಿದದ್ದು ದೊಡ್ಡ ಆಫೀಸಿನಲ್ಲಿ ಕೂತವರಿಗೆ ಕಾಣಲಿಲ್ಲ. ಅಥವಾ ಕಂಡೂ ಕೊಟ್ಟರು, ಅದು ಇನ್ನೂ ಕೆಟ್ಟದ್ದು.

ಆಗಸ್ಟ್‌ನಲ್ಲಿ ಕೈಲ್ ಟೀಲ್ ಕೂಡ ವುಸ್ಟರ್‌ಗೆ ಬಂದ. 2023ರಲ್ಲಿ ಡ್ರಾಫ್ಟ್‌ನ (ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವುದು) ಮೊದಲ ಸುತ್ತಿನಲ್ಲೇ ಆರಿಸಿಕೊಂಡ ಹುಡುಗ. ಕ್ಯಾಚರ್ ಆಗಿದ್ದೂ ಅವನ ಓಟ ಚೆನ್ನ. ಅಪ್ಪ ಊರಿಗೆ ಹೋದ ಮೇಲೂ ವಾರಕ್ಕೊಮ್ಮೆ ಫೋನಿನಲ್ಲಿ ಆರೋಗ್ಯ, ಮಳೆ, ಕೊಬ್ಬರಿ ರೇಟು ಎಲ್ಲ ಆದ ಮೇಲೆ "ಆ ಹುಡುಗ ಹೇಗಿದಾನೆ?" ಎಂದು ಕೇಳುತ್ತಿದ್ದರು. ಡಿಸೆಂಬರ್‌ನಲ್ಲಿ ಹೇಳಿದೆ, "ಶಿಕಾಗೊಗೆ ಕೊಟ್ಟುಬಿಟ್ರು ಅಪ್ಪ."

"ಕೊಟ್ರು ಅಂದ್ರೆ? ಅವನನ್ನ ಕೇಳಿದ್ರಾ?"

"ಇಲ್ಲ, ಇಲ್ಲಿ ಕೇಳಲ್ಲ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಫಲಕ್ಕೆ ಬರೋ ಹೊತ್ತಿಗೆ ತೋಟ ಮಾರಿದ್ರು ಅನ್ನು."

ಪರ ಬರೆಯುವವರು 255 ಸ್ಟ್ರೈಕ್‌ಔಟ್ ಹಿಡಿದುಕೊಂಡು ಕೂತಿರುತ್ತಾರೆ, ಗೊತ್ತು. ಕ್ರೋಶೆ ಚೆನ್ನಾಗಿ ಎಸೆದ. ಇಲ್ಲ ಅನ್ನಲ್ಲ. ಆದರೆ ಪಿಚರ್‌ನ ಮೊಣಕೈ ಅನ್ನುವುದು ಮಣ್ಣಿನ ಮಡಕೆ. ಈ ಹುಡುಗನಿಗೆ 2022ರಲ್ಲೇ ಮೊಣಕೈ ಆಪರೇಷನ್ ಆಗಿದೆ. ಮೇಜರ್ ಲೀಗ್‌ನಲ್ಲಿ ಪಂದ್ಯದ ಮೊದಲ ಚೆಂಡಿನಿಂದ ಎಸೆದು ಅಭ್ಯಾಸವಿದ್ದದ್ದು ಒಂದೇ ವರ್ಷ, 2024. ಆ ವರ್ಷವೂ ಕೊನೆಕೊನೆಗೆ ಕೈ ದಣಿಯದಿರಲಿ ಅಂತ ನಾಲ್ಕು ಇನಿಂಗ್ಸ್‌ಗೇ ಕೂರಿಸುತ್ತಿದ್ದರು. ಅಂಥವನಿಗೆ ನಾಲ್ವರು ಹುಡುಗರನ್ನು ಕೊಟ್ಟದ್ದಲ್ಲದೆ, ರೆಡ್ ಸಾಕ್ಸ್ ಪರ ಒಂದೇ ಒಂದು ಪಂದ್ಯ ಎಸೆದ ಮೇಲೆ ಆರು ವರ್ಷಕ್ಕೆ 17 ಕೋಟಿ ಡಾಲರ್ ಬರೆದುಕೊಟ್ಟರು. ಅದು 2031ರವರೆಗೆ. ಆಗಿನ್ನೂ ಈ ಪರ-ವಿರೋಧ ಓದುವವರು ಇದ್ದರೆ ಮತ್ತೆ ಬರೆಯುತ್ತೇನೆ.

ಸೇಲ್ ಕತೆ ಹೇಳುವವರು ಯಾವಾಗಲೂ 2018ಕ್ಕೇ ನಿಲ್ಲಿಸುತ್ತಾರೆ. ಆಮೇಲೇನಾಯಿತು? 2019ರಲ್ಲಿ ಅವನಿಗೂ ಐದು ವರ್ಷಕ್ಕೆ 14.5 ಕೋಟಿ ಡಾಲರ್ ಕೊಟ್ಟರು. ಮಾರನೇ ವರ್ಷ ಮೊಣಕೈ ಹೋಯಿತು. ಎಸೆದದ್ದಕ್ಕಿಂತ ಆಸ್ಪತ್ರೆಗೆ ಅಲೆದದ್ದೇ ಬಂತು. ಬೇಸತ್ತು 2023ರ ಕೊನೆಯಲ್ಲಿ ಅಟ್ಲಾಂಟಾಗೆ ಕೊಟ್ಟರು, ಸಾಲದ್ದಕ್ಕೆ ಕೈಯಿಂದ 1.7 ಕೋಟಿ ಡಾಲರ್ ಬೇರೆ. ಅಲ್ಲಿ ಹೋಗಿ 18 ಗೆದ್ದು 3 ಸೋತು, ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಹೊಡೆದ. ಆ ವ್ಯಾಪಾರ ಮಾಡಿದವರು ತಂಡ ಕಟ್ಟುವ ಹೊಣೆ ಹೊತ್ತಿದ್ದ ಕ್ರೇಗ್ ಬ್ರೆಸ್ಲೊ. ಕ್ರೋಶೆ ವ್ಯಾಪಾರವೂ ಅವರದ್ದೇ. ಅವರೂ ಹಿಂದೆ ಎಡಗೈ ಪಿಚರ್ ಆಗಿದ್ದವರು, ಯೇಲ್‌ನಲ್ಲಿ ಓದಿದವರು. ಓದಿಗೂ ವ್ಯಾಪಾರಕ್ಕೂ ಸಂಬಂಧವಿಲ್ಲ ಅಂತ ನಮ್ಮಪ್ಪ ಮೊದಲಿನಿಂದಲೂ ಹೇಳುತ್ತಿದ್ದರು.

ಇನ್ನು ಬ್ಯೂಲರ್. 23 ಪಂದ್ಯದಲ್ಲಿ 7 ಗೆದ್ದ, 7 ಸೋತ, ಒಂಬತ್ತು ಇನಿಂಗ್ಸ್‌ಗೆ 5.45 ರನ್ ಕೊಟ್ಟ. ಇಲ್ಲಿಂದ ಹೊರಬಿದ್ದ ಮೇಲೆ ಫಿಲಡೆಲ್ಫಿಯಾದಲ್ಲಿ ಚೆನ್ನಾಗಿಯೇ ಎಸೆದ, ಕರ್ಮ. ಪ್ಯಾಟ್ರಿಕ್ ಸ್ಯಾಂಡೊವಲ್‌ಗೆ ಎರಡು ವರ್ಷಕ್ಕೆ 1.8 ಕೋಟಿ ಡಾಲರ್ ಮೇಲೆ. 2025ರಲ್ಲಿ ಅವನು ರೆಡ್ ಸಾಕ್ಸ್‌ಗೆ ಒಂದು ಚೆಂಡೂ ಎಸೆಯಲಿಲ್ಲ. ಮೊಣಕೈ ಆಪರೇಷನ್ ಆದವನು ಅಂತ ಗೊತ್ತಿದ್ದೇ ಕರೆತಂದದ್ದು. ಅದಕ್ಕೂ ಹಿಂದಿನ ಚಳಿಗಾಲದಲ್ಲಿ ತಂದ ಲೂಕಸ್ ಜಿಯೊಲಿಟೊ 2024 ಪೂರ್ತಿ ಬ್ಯಾಂಡೇಜಿನಲ್ಲಿ ಕಳೆದ. 2025ರಲ್ಲಿ ಚೆನ್ನಾಗಿ ಎಸೆದು, ಸರಿಯಾಗಿ ಪ್ಲೇಆಫ್ ಹೊತ್ತಿಗೆ ಮತ್ತೆ ಮೊಣಕೈ ಹಿಡಿದುಕೊಂಡು ಕೂತ.

ಇತ್ತ ಎರಡನೇ ಬೇಸ್ ಕಾಯುವ ಜಾಗಕ್ಕೆ ವರ್ಷಪೂರ್ತಿ ಜನ ಹುಡುಕಿದರು. ಕ್ರಿಸ್ಟಿಯನ್ ಕ್ಯಾಂಪ್‌ಬೆಲ್‌ನನ್ನು ನಿಲ್ಲಿಸಿದರು, ಜೂನ್‌ನಲ್ಲಿ ವುಸ್ಟರ್‌ಗೆ ವಾಪಸ್ ಕಳಿಸಿದರು, ಆಮೇಲೆ ಒಂದು ದಿನ ಇವನು, ಒಂದು ದಿನ ಅವನು. ಮೈಡ್ರಾತ್ ಅಷ್ಟೊತ್ತಿಗೆ ಶಿಕಾಗೊದಲ್ಲಿ ಅದೇ ಎರಡನೇ ಬೇಸ್‌ನಲ್ಲಿ ನಿಂತು ಆಡುತ್ತಿದ್ದ.

ಹಳೇ ಜನರಿಗೆ 1990 ನೆನಪಿರುತ್ತದೆ. ಪ್ಲೇಆಫ್‌ಗೆ ಒಬ್ಬ ಪಿಚರ್ ಬೇಕು ಅಂತ ಆಗಸ್ಟ್‌ನಲ್ಲಿ ಲ್ಯಾರಿ ಆಂಡರ್ಸನ್‌ನನ್ನು ತಂದರು. ಅವನು ಎಸೆದದ್ದು 22 ಇನಿಂಗ್ಸ್. ಬದಲಿಗೆ ಕೊಟ್ಟದ್ದು ಜೆಫ್ ಬ್ಯಾಗ್‌ವೆಲ್ ಎಂಬ ಹುಡುಗನನ್ನು, ಅದೂ ಬಾಸ್ಟನ್‌ನಲ್ಲೇ ಹುಟ್ಟಿದವನು. ಅವನು ಹ್ಯೂಸ್ಟನ್‌ಗೆ 449 ಹೋಂ ರನ್ ಹೊಡೆದು ಹಾಲ್ ಆಫ್ ಫೇಮ್ ಸೇರಿದ.

ಆ ಯಾಂಕೀಸ್ ಸರಣಿಗೆ ಬರುತ್ತೇನೆ. ಪರದವರು ಮೊದಲ ಪಂದ್ಯ ಹೇಳಿ ಮೂರನೆಯದನ್ನು ನುಂಗಿಕೊಂಡಿರುತ್ತಾರೆ. ಅಕ್ಟೋಬರ್ 2ರಂದು ನಮ್ಮನ್ನು 4–0ಯಿಂದ ಮನೆಗೆ ಕಳಿಸಿದವನು ಕ್ಯಾಮ್ ಶ್ಲಿಟ್ಲರ್. ಎಂಟು ಇನಿಂಗ್ಸ್, 12 ಸ್ಟ್ರೈಕ್‌ಔಟ್, ಒಂದೂ ರನ್ ಇಲ್ಲ. ಯಾವ ಹರಾಜಿನಲ್ಲಿ ಕೊಂಡ ಆಳು ಗೊತ್ತಾ? ಯಾವುದರಲ್ಲೂ ಇಲ್ಲ. ಬಾಸ್ಟನ್ ಪಕ್ಕದ ವಾಲ್ಪೋಲ್‌ನ ಹುಡುಗ, ಓದಿದ್ದು ಬಾಸ್ಟನ್‌ನ ನಾರ್ತ್‌ಈಸ್ಟರ್ನ್‌ನಲ್ಲಿ. 2022ರ ಡ್ರಾಫ್ಟ್‌ನ ಏಳನೇ ಸುತ್ತಿನವರೆಗೆ ಅವನನ್ನು ಯಾರೂ ಕೇಳಲಿಲ್ಲ, ನಮ್ಮವರೂ ಕೇಳಲಿಲ್ಲ. ಯಾಂಕೀಸ್ ಆರಿಸಿಕೊಂಡು, ಮೂರು ವರ್ಷ ತಮ್ಮಲ್ಲೇ ಬೆಳೆಸಿ, ತಂದು ನಮ್ಮ ಎದುರು ನಿಲ್ಲಿಸಿದರು. ಅವತ್ತು ನಮ್ಮ ಕಡೆ ಎಸೆದವನು ಕಾನೆಲಿ ಅರ್ಲಿ. ಅವನೂ ಮನೆಯಲ್ಲೇ ಬೆಳೆದ ಹುಡುಗ, ಪಾಪ. ದುಡ್ಡು ಕೊಟ್ಟು ತಂದ ಸ್ಟಾರ್ಟರ್‌ಗಳೆಲ್ಲ (ಮೊದಲ ಚೆಂಡಿನಿಂದ ಎಸೆಯುವ ಪಿಚರ್‌ಗಳು) ಮೊಣಕೈ ನೀವಿಕೊಳ್ಳುತ್ತಲೋ ಬೇರೆ ತಂಡದಲ್ಲೋ ಇದ್ದ ದಿನ ಅವನನ್ನು ಸಿಂಹದ ಬಾಯಿಗೆ ಬಿಟ್ಟರು.

ಏಪ್ರಿಲ್‌ನ ಆ ಭಾನುವಾರ ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ, ಅಲ್ಲಿ ಬೆಳಗಾಗಿತ್ತು. "ನಿಮ್ಮ ಕುಳ್ಳ ಹುಡುಗ ಹೊಡೆದ ಅಪ್ಪ" ಅಂದೆ. "ಹೊಡೆದ್ನಾ? ನಿಂತ್ಕೊಳ್ಳಲಿಲ್ವಾ?" ಅಂದರು. ಪಂದ್ಯ ನಾವೇ ಗೆದ್ದೆವು ಅಂತ ಹೇಳುವುದು ಮರೆತೇ ಹೋಯಿತು.

ಅವರ ವೀಸಾ ಇನ್ನೂ ಇದೆ. ಬರುವ ಬೇಸಿಗೆಯಲ್ಲಿ ವೈಟ್ ಸಾಕ್ಸ್ ಫೆನ್ವೇಗೆ ಬಂದರೆ, ಪಾರ್ಕಿಂಗ್ ದುಡ್ಡು ಹಾಳಾಗಿ ಹೋಗಲಿ, ನಾಲ್ಕು ಟಿಕೆಟ್ ತೆಗೆಯುತ್ತೇನೆ. ಕ್ರೋಶೆ ಎಸೆಯುವ ದಿನದ್ದೇ ಸಿಕ್ಕರೆ ಬೇಡ ಅನ್ನಲ್ಲ. ಯಾವ ಟೋಪಿ ಹಾಕಿಕೊಳ್ಳಲಿ ಅಂತ ಮಗಳು ಈಗಲೇ ಕೇಳುತ್ತಿದ್ದಾಳೆ.